ಮನೋವಿಜ್ಞಾನದ ಮೊದಲ ಪಾಠಕ್ಕೆ ಕಂಪ್ಯೂಟರ್: ಯಾವ ತಂತ್ರಾಂಶ, ಹೇಗೆ ಬಳಸುವುದು, ಎಷ್ಟು ಖರ್ಚು?

ಪಿಯುಸಿಯಲ್ಲೋ ಪದವಿಯ ಮೊದಲ ವರ್ಷದಲ್ಲೋ ಮನೋವಿಜ್ಞಾನ ಕಲಿಸುವವರು ನೀವಾಗಿದ್ದರೆ ಈ ಬರಹ ನಿಮಗಾಗಿ. ಮಗಳೋ ಮಗನೋ ಈ ವಿಷಯ ತೆಗೆದುಕೊಂಡಿದ್ದು, ಮನೆಯಲ್ಲೊಂದು ಲ್ಯಾಪ್‌ಟಾಪ್ ಇದ್ದರೆ ನಿಮಗೂ ಉಪಯೋಗಕ್ಕೆ ಬಂದೀತು. ಗಮನ, ನೆನಪು, ಕಲಿಕೆ ಎಂಬ ಅಧ್ಯಾಯಗಳನ್ನು ಬಾಯಿಪಾಠ ಮಾಡಿಸುವುದು ಸುಲಭ. ಆದರೆ ಅವು ನಡೆಯುವುದು ವಿದ್ಯಾರ್ಥಿಯ ತಲೆಯೊಳಗೇ. ಅವನ್ನು ಅವಳಿಗೇ ತೋರಿಸಿಕೊಡಲು ಈಗ ಒಳ್ಳೆಯ ತಂತ್ರಾಂಶಗಳಿವೆ. ಹೆಚ್ಚಿನವು ಪುಕ್ಕಟೆ. ಎಲ್ಲವನ್ನೂ ಒಟ್ಟಿಗೆ ಕಲಿಯಬೇಕಾಗಿಲ್ಲ. ಒಂದು ಪ್ರಯೋಗ ಹಿಡಿದು ಶುರು ಮಾಡಿದರೆ ಸಾಕು.

ಇವು ಏನು ಮಾಡುತ್ತವೆ?

ಮನೋವಿಜ್ಞಾನದ ಪ್ರಯೋಗಾಲಯ ಹೊಸದಲ್ಲ. ವಿಲ್ಹೆಲ್ಮ್ ವುಂಟ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಅದನ್ನು ತೆರೆದದ್ದು 1879ರಲ್ಲಿ. ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಎಂ. ವಿ. ಗೋಪಾಲಸ್ವಾಮಿಯವರು ಮನೋವಿಜ್ಞಾನ ವಿಭಾಗ ಕಟ್ಟಿದರು.

ಹಳೆಯ ಕಾಲೇಜುಗಳ ಮನೋವಿಜ್ಞಾನ ಪ್ರಯೋಗಾಲಯದ ಬೀರುವಿನಲ್ಲಿ ಇಂದಿಗೂ ಕೆಲವು ಉಪಕರಣಗಳು ಕಾಣಸಿಗುತ್ತವೆ. ಚಿತ್ರವನ್ನು ಕ್ಷಣಮಾತ್ರ ತೋರಿಸಿ ಮರೆಮಾಡುವ ಟ್ಯಾಕಿಸ್ಟೋಸ್ಕೋಪ್ ಒಂದು. ಪದಗಳನ್ನು ಒಂದೊಂದಾಗಿ ತಿರುಗಿಸಿ ತೋರಿಸುವ ಮೆಮೊರಿ ಡ್ರಮ್ ಇನ್ನೊಂದು. ಪ್ರತಿಕ್ರಿಯೆಗೆ ಹಿಡಿದ ಹೊತ್ತನ್ನು ಅಳೆಯುವ ಕ್ರೋನೋಸ್ಕೋಪ್ ಮತ್ತೊಂದು. ಈ ಮೂರರ ಕೆಲಸವನ್ನೂ ಒಂದು ಸಾಮಾನ್ಯ ಕಂಪ್ಯೂಟರ್ ಮಾಡಬಲ್ಲದು. ತಂತ್ರಾಂಶ ಪರದೆಯ ಮೇಲೆ ಏನೋ ತೋರಿಸುತ್ತದೆ, ವಿದ್ಯಾರ್ಥಿ ಕೀಲಿ ಒತ್ತುತ್ತಾಳೆ, ಎಷ್ಟು ಮಿಲಿಸೆಕೆಂಡು ಹಿಡಿಯಿತು, ಉತ್ತರ ಸರಿಯೇ ತಪ್ಪೇ ಎಂಬುದು ಕಡತದಲ್ಲಿ ದಾಖಲಾಗುತ್ತದೆ. ಮಿಲಿಸೆಕೆಂಡು ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ.

ಹಾಗಾದರೆ ಹಳೆಯ ಉಪಕರಣಗಳನ್ನು ಗುಜರಿಗೆ ಹಾಕೋಣವೇ? ಖಂಡಿತ ಬೇಡ. ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆ ತಿದ್ದುವ ಮಿರರ್ ಡ್ರಾಯಿಂಗ್ ಹಲಗೆಯಂಥ ಪ್ರಯೋಗ ಕೈಯ ಕಸುಬಿಗೆ ಸೇರಿದ್ದು. ಅದು ಹಲಗೆಯ ಮೇಲೇ ಚೆನ್ನ. ಕಣ್ಣಿಗೆ ಸಿಗದಷ್ಟು ಸಣ್ಣ ಹೊತ್ತನ್ನು ಅಳೆಯಬೇಕಾದಲ್ಲಿ ಮಾತ್ರ ಕಂಪ್ಯೂಟರಿಗೆ ಸಾಟಿಯಿಲ್ಲ.

ಮೊದಲ ಮೆಟ್ಟಿಲು: ಏನೂ ಇನ್‌ಸ್ಟಾಲ್ ಮಾಡದೆ

ಸೈಟೂಲ್‌ಕಿಟ್ ಎಂಬ ಜಾಲತಾಣದಿಂದ ಆರಂಭಿಸಿ. ಹುಡುಕುವಾಗ ‘ಸೈ’ ಎಂಬುದನ್ನು ಪಿ, ಎಸ್, ವೈ ಎಂದು ಟೈಪಿಸಬೇಕು, ಇಲ್ಲವಾದರೆ ಬೇರೇನೋ ಸಿಕ್ಕೀತು. ಇದನ್ನು ರೂಪಿಸಿದವರು ಮನೋವಿಜ್ಞಾನಿ ಗೈಸ್‌ಬರ್ಟ್ ಸ್ಟೂಟ್. ಶಿಕ್ಷಣ ಮತ್ತು ಸಂಶೋಧನೆಗೆ ಇದು ಉಚಿತ. ಪಠ್ಯದಲ್ಲಿ ಬರುವ ಪ್ರಸಿದ್ಧ ಪ್ರಯೋಗಗಳನ್ನು ಇದರ ಪ್ರಯೋಗ ಭಂಡಾರದಲ್ಲಿ ಜೋಡಿಸಿಟ್ಟಿದ್ದಾರೆ. ಪ್ರತಿಯೊಂದಕ್ಕೂ ಚಿಕ್ಕ ಪರಿಚಯವಿದೆ. ಗುಂಡಿ ಒತ್ತಿದರೆ ಬ್ರೌಸರಿನಲ್ಲೇ ಪ್ರಯೋಗ ನಡೆಯುತ್ತದೆ. ಹೆಚ್ಚಿನವಕ್ಕೆ ಕೀಬೋರ್ಡ್ ಬೇಕು, ಆದ್ದರಿಂದ ಮೊಬೈಲಿಗಿಂತ ಕಂಪ್ಯೂಟರ್ ಮೇಲು.

ಅಲ್ಲಿ ಸ್ಟ್ರೂಪ್ ಪ್ರಯೋಗವನ್ನು ತೆರೆಯಿರಿ. 1935ರಲ್ಲಿ ಅಮೆರಿಕದ ಜಾನ್ ರಿಡ್ಲಿ ಸ್ಟ್ರೂಪ್ ಪ್ರಕಟಿಸಿದ ಪ್ರಯೋಗ ಇದು. ಬಣ್ಣದ ಹೆಸರೊಂದು ಪರದೆಯ ಮೇಲೆ ಬರುತ್ತದೆ. ಅದನ್ನು ಓದಬಾರದು, ಅಕ್ಷರ ಯಾವ ಬಣ್ಣದ ಶಾಯಿಯಲ್ಲಿದೆ ಎಂದಷ್ಟೇ ಹೇಳಬೇಕು. ‘ಕೆಂಪು’ ಎಂಬ ಪದ ಕೆಂಪು ಬಣ್ಣದಲ್ಲೇ ಇದ್ದರೆ ಉತ್ತರ ಥಟ್ಟನೆ ಬರುತ್ತದೆ. ಅದೇ ಪದ ನೀಲಿಯಲ್ಲಿದ್ದರೆ ಬೆರಳು ಒಂದಿಷ್ಟು ತಡವರಿಸುತ್ತದೆ. ಓದು ಬಂದವರಿಗೆ ಓದದೆ ಇರುವುದು ಕಷ್ಟ. ಕಣ್ಣಿಗೆ ಬಿದ್ದ ಪದ ಹೇಳದೆ ಕೇಳದೆ ಒಳಗೆ ನುಗ್ಗುತ್ತದೆ.

ಕನ್ನಡದಲ್ಲಿ ಮಾಡಬಹುದೇ?

ಮಾಡಬಹುದು, ಮಾಡಲೇಬೇಕು. ಇಂಗ್ಲಿಷನ್ನು ಕೂಡಿಸಿಕೊಂಡು ಓದುವ ವಿದ್ಯಾರ್ಥಿಗೆ ಇಂಗ್ಲಿಷ್ ಪದ ಅಷ್ಟು ಬೇಗ ಒಳನುಗ್ಗುವುದಿಲ್ಲ. ಆಗ ತಡವರಿಕೆಯೂ ಕಡಿಮೆಯಾಗುತ್ತದೆ. ಎರಡು ಭಾಷೆ ಬಲ್ಲವರ ಮೇಲೆ ನಡೆದ ಅಧ್ಯಯನಗಳಲ್ಲೂ, ಹೆಚ್ಚು ಪಳಗಿದ ಭಾಷೆಯಲ್ಲೇ ಈ ತಡೆ ಸಾಮಾನ್ಯವಾಗಿ ದೊಡ್ಡದಾಗಿ ಕಂಡಿದೆ. ಕನ್ನಡ ಮಾಧ್ಯಮದ ತರಗತಿಯಲ್ಲಿ ಇಂಗ್ಲಿಷ್ ಸ್ಟ್ರೂಪ್ ಮಾಡಿಸಿ, ಪರಿಣಾಮ ಸರಿಯಾಗಿ ಕಾಣಲಿಲ್ಲ ಎಂದು ಕೈಚೆಲ್ಲುವುದು ಬೇಡ. ಕಲಿಸುವ ಭಾಷೆ ಇಲ್ಲಿ ಪ್ರಯೋಗದ ಒಂದು ಭಾಗವೇ ಆಗಿದೆ.

ನಿಮ್ಮದೇ ಕನ್ನಡ ಪ್ರಯೋಗ ಕಟ್ಟಲು ಸೈಕೋಪೈ ಎಂಬ ತಂತ್ರಾಂಶವಿದೆ. ಇದರ ಹೆಸರೂ ಪಿ, ಎಸ್, ವೈ ಎಂದೇ ಶುರುವಾಗುತ್ತದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಜೊನಾಥನ್ ಪಿಯರ್ಸ್ ಇದನ್ನು ಆರಂಭಿಸಿದರು. ಇದು ಉಚಿತ, ಮುಕ್ತ ಆಕರದ್ದು, ಅಂದರೆ ಒಳಗಿನ ಸಂಕೇತವನ್ನು ಯಾರು ಬೇಕಾದರೂ ನೋಡಿ ತಿದ್ದಬಹುದು. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಕಡತ ದೊಡ್ಡದು, ಒಳ್ಳೆಯ ಸಂಪರ್ಕ ಇರುವಲ್ಲಿ ಒಮ್ಮೆ ಇಳಿಸಿ ಪೆನ್‌ಡ್ರೈವಿನಲ್ಲಿಟ್ಟುಕೊಳ್ಳಿ.

ಪ್ರೋಗ್ರಾಮಿಂಗ್ ಬರುವುದಿಲ್ಲವಲ್ಲ ಎಂಬ ಅಳುಕು ಬೇಡ. ಸೈಕೋಪೈಯಲ್ಲಿ ‘ಬಿಲ್ಡರ್’ ಎಂಬ ವಿಭಾಗವಿದೆ. ಅಲ್ಲಿ ಸಂಕೇತ ಬರೆಯಬೇಕಾಗಿಲ್ಲ, ತುಂಡುಗಳನ್ನು ಆರಿಸಿ ಸಾಲಾಗಿ ಜೋಡಿಸಿದರಾಯಿತು. ಕ್ರಮ ಹೀಗೆ:

1. ಕೆಂಪು, ನೀಲಿ, ಹಳದಿ ಎಂಬ ಮೂರು ಪದಗಳನ್ನು ಆರಿಸಿಕೊಳ್ಳಿ. ಕೆಂಪು–ಹಸಿರು ಭೇದ ಕಾಣದ ವಿದ್ಯಾರ್ಥಿಗಳು ಇರಬಹುದು, ಹಾಗಾಗಿ ಹಸಿರು ಬೇಡ.

2. ಒಂದೊಂದು ಪದವನ್ನೂ ಮೂರು ಬಣ್ಣದಲ್ಲಿ ಬರೆದು ಚಿತ್ರವಾಗಿ ಉಳಿಸಿ. ಒಟ್ಟು 9 ಚಿತ್ರಗಳಾದವು. ಹಿನ್ನೆಲೆ ಎಲ್ಲಕ್ಕೂ ಒಂದೇ ಬೂದು ಬಣ್ಣದ್ದಿರಲಿ. ಪದವನ್ನು ನೇರವಾಗಿ ಟೈಪಿಸಬಾರದೇ ಎಂದು ನೀವು ಕೇಳಬಹುದು. ಟೈಪಿಸಿದರೆ ಒತ್ತಕ್ಷರ, ಗುಣಿತಗಳು ಒಡೆದು ಕಾಣುವ ಸಂಭವವಿದೆ. ಚಿತ್ರಕ್ಕೆ ಆ ತೊಂದರೆಯಿಲ್ಲ.

3. ಎಕ್ಸೆಲ್ ಅಥವಾ ಲಿಬ್ರೆ ಆಫೀಸಿನಲ್ಲಿ ಒಂದು ಪಟ್ಟಿ ಮಾಡಿ. ಮೊದಲ ಕಂಬದಲ್ಲಿ ಚಿತ್ರದ ಕಡತದ ಹೆಸರು, ಎರಡನೆಯದರಲ್ಲಿ ಸರಿಯಾದ ಕೀಲಿ, ಮೂರನೆಯದರಲ್ಲಿ ಪದವೂ ಬಣ್ಣವೂ ಹೊಂದುತ್ತವೆಯೇ ಇಲ್ಲವೇ ಎಂಬ ಗುರುತು. ಹೊಂದುವ ಚಿತ್ರಗಳು ಮೂರೇ, ಹೊಂದದವು ಆರು. ಹೊಂದುವ ಸಾಲುಗಳನ್ನು ಎರಡೆರಡು ಸಲ ಬರೆದರೆ 6ಕ್ಕೆ 6 ಸರಿಹೋಗಿ 12 ಸಾಲುಗಳಾಗುತ್ತವೆ. ಕಂಬದ ಶೀರ್ಷಿಕೆ, ಕಡತದ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಖಾಲಿ ಜಾಗ ಬಿಡದೆ ಬರೆಯಿರಿ.

4. ಬಿಲ್ಡರಿನಲ್ಲಿ ಒಂದು ಚಿತ್ರದ ತುಂಡು, ಒಂದು ಕೀಬೋರ್ಡಿನ ತುಂಡು ಹಾಕಿ. ಎಡ, ಕೆಳ, ಬಲ ಬಾಣದ ಕೀಲಿಗಳನ್ನು ಮೂರು ಬಣ್ಣಗಳಿಗೆ ಹಂಚಿ. ಸುತ್ತಲೂ ‘ಲೂಪ್’, ಅಂದರೆ ಆವರ್ತನೆಯ ಸುತ್ತು ಕಟ್ಟಿ, ನಿಮ್ಮ ಪಟ್ಟಿಯನ್ನು ಅದಕ್ಕೆ ಜೋಡಿಸಿ. 5 ಸುತ್ತು ಎಂದರೆ 60 ಪ್ರಯತ್ನಗಳು. ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಮೊದಲು ಏಳೆಂಟು ಪ್ರಯತ್ನಗಳ ಅಭ್ಯಾಸ ಕೊಡಿ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಫಲಿತಾಂಶ ಪ್ರಯೋಗದ ಪಕ್ಕದಲ್ಲೇ ಇರುವ ‘ಡೇಟಾ’ ಎಂಬ ಕಡತಕೋಶದಲ್ಲಿ ಬಂದು ಕೂರುತ್ತದೆ. ಒಂದು ಎಚ್ಚರ: ಸೈಕೋಪೈ ಸಮಯವನ್ನು ಸೆಕೆಂಡಿನಲ್ಲಿ ಬರೆಯುತ್ತದೆ, ಸೈಟೂಲ್‌ಕಿಟ್ ಮಿಲಿಸೆಕೆಂಡಿನಲ್ಲಿ. ಎರಡನ್ನೂ ಹೋಲಿಸುವುದಾದರೆ ಮೊದಲನೆಯದನ್ನು 1000ದಿಂದ ಗುಣಿಸಿಕೊಳ್ಳಿ.

ಒಂದು ಗಂಟೆಯ ಪಾಠ ಹೀಗೆ ನಡೆಯಲಿ

ಕಂಪ್ಯೂಟರ್ ಮುಂದೆ ಕೂರಿಸುವ ಮೊದಲು ಊಹೆ ಬರೆಸಿ. ‘ಹೊಂದದ ಪದಕ್ಕೆ ನೀನು ಎಷ್ಟು ನಿಧಾನವಾಗುತ್ತೀ? ಆಗುವುದೇ ಇಲ್ಲವೇ?’ ಎಂದು ಕೇಳಿ, ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಹಾಕಿಸಿ. ಊಹೆ ಬರೆಯದೆ ಪ್ರಯೋಗ ಮಾಡಿದವರು ಫಲಿತಾಂಶ ನೋಡಿ ‘ಇದು ಗೊತ್ತಿದ್ದದ್ದೇ’ ಎನ್ನುತ್ತಾರೆ. ಬರೆದವರು ತಮ್ಮ ಊಹೆಗೂ ಅಂಕಿಗೂ ಇರುವ ಅಂತರವನ್ನು ನೋಡುತ್ತಾರೆ. ಪಾಠ ಶುರುವಾಗುವುದು ಆ ಅಂತರದಲ್ಲಿ.

ನಂತರ ಪ್ರಯೋಗ. ಮುಗಿದ ಮೇಲೆ ತಪ್ಪು ಉತ್ತರಗಳನ್ನು ಬಿಟ್ಟು, ಹೊಂದುವ ಪದಗಳ ಸರಾಸರಿ ಸಮಯವನ್ನೂ ಹೊಂದದ ಪದಗಳ ಸರಾಸರಿ ಸಮಯವನ್ನೂ ತೆಗೆಯಿಸಿ. ಒಬ್ಬಳಿಗೆ ಅವು 620 ಮತ್ತು 710 ಮಿಲಿಸೆಕೆಂಡು ಬಂದವು ಎಂದುಕೊಳ್ಳಿ. ವ್ಯತ್ಯಾಸ 90. ಪ್ರತಿಯೊಬ್ಬರೂ ತಮ್ಮ ವ್ಯತ್ಯಾಸವನ್ನು ಹಲಗೆಯ ಮೇಲೆ ಬರೆಯಲಿ. ಕೆಲವರದು ದೊಡ್ಡದು, ಕೆಲವರದು ಚಿಕ್ಕದು. ಒಬ್ಬಿಬ್ಬರದು ತಿರುವುಮುರುವೂ ಆಗಬಹುದು. ಅದನ್ನು ಮುಚ್ಚಿಡಬೇಡಿ. ಒಬ್ಬರ ಅಂಕಿ ನಂಬಿ ನಿಯಮ ಕಟ್ಟಬಾರದು, ಅದಕ್ಕೇ ಗುಂಪಿನ ಸರಾಸರಿ ಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ವಿವರಿಸಲು ಸಾಧ್ಯವಿಲ್ಲ.

ಪರಿಭಾಷೆಗೆ ಇದೇ ಸಮಯ. ನಾವು ಬದಲಿಸಿದ್ದು ಪದ–ಬಣ್ಣದ ಹೊಂದಿಕೆಯನ್ನು, ಅದು ಸ್ವತಂತ್ರ ಚಲಕ. ಅಳೆದದ್ದು ಸಮಯವನ್ನು, ಅದು ಅವಲಂಬಿತ ಚಲಕ. ತಾವೇ ಮಾಡಿದ ಪ್ರಯೋಗದ ಮೇಲೆ ಈ ಹೆಸರುಗಳನ್ನು ಹಚ್ಚಿದರೆ ಪರೀಕ್ಷೆಯಲ್ಲಿ ಅದಲುಬದಲಾಗುವುದಿಲ್ಲ.

ನಮ್ಮ ಹಳೆಯ ಕಂಪ್ಯೂಟರ್ ಅಷ್ಟು ನಿಖರವಾಗಿ ಅಳೆಯುತ್ತದೆಯೇ ಎಂಬ ಸಂದೇಹ ನ್ಯಾಯವಾದದ್ದೇ. ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ಅಂದರೆ ಸುಮಾರು 17 ಮಿಲಿಸೆಕೆಂಡಿಗೊಮ್ಮೆ. ಕೀಬೋರ್ಡೂ ಒಂದಿಷ್ಟು ತಡ ಮಾಡುತ್ತದೆ. ಆದರೆ ಈ ತಡ ಹೊಂದುವ ಪದಕ್ಕೂ ಹೊಂದದ ಪದಕ್ಕೂ ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ಇನ್ನೊಂದನ್ನು ಕಳೆದಾಗ ಅದೂ ಕಳೆದುಹೋಗುತ್ತದೆ. ಹಾಗಾಗಿ ಒಬ್ಬಳದೇ ಎರಡು ಸರಾಸರಿಗಳನ್ನು ಹೋಲಿಸಿ. ನಿಮ್ಮ ಕಂಪ್ಯೂಟರಿನ ಅಂಕಿಯನ್ನು ಪಕ್ಕದ ಕಾಲೇಜಿನ ಕಂಪ್ಯೂಟರಿನ ಅಂಕಿಯೊಂದಿಗೆ ಹೋಲಿಸಬೇಡಿ.

ನೆನಪಿನ ಪಾಠಕ್ಕೆ ಸ್ಲೈಡುಗಳೇ ಸಾಕು

ಎಲ್ಲ ಪ್ರಯೋಗಕ್ಕೂ ವಿಶೇಷ ತಂತ್ರಾಂಶ ಬೇಕಿಲ್ಲ. ಪವರ್‌ಪಾಯಿಂಟ್ ಇಲ್ಲವೇ ಉಚಿತವಾದ ಲಿಬ್ರೆ ಆಫೀಸ್ ಇಂಪ್ರೆಸ್‌ನಲ್ಲಿ ಸ್ಲೈಡಿಗೊಂದು ಪದ ಹಾಕಿ. 2 ಸೆಕೆಂಡಿಗೊಮ್ಮೆ ತಾನಾಗಿ ಮುಂದೆ ಹೋಗುವಂತೆ ಹೊಂದಿಸಿ. ಇದೇ ನಿಮ್ಮ ಮೆಮೊರಿ ಡ್ರಮ್.

ಮೊದಲು ಈ 15 ಪದಗಳನ್ನು ತೋರಿಸಿ: ಹಾಸಿಗೆ, ದಿಂಬು, ಕನಸು, ರಾತ್ರಿ, ಹೊದಿಕೆ, ಆಕಳಿಕೆ, ಗೊರಕೆ, ಜೋಗುಳ, ಮಂಚ, ದಣಿವು, ಚಾಪೆ, ವಿಶ್ರಾಂತಿ, ಎಚ್ಚರ, ಕತ್ತಲೆ, ತೂಕಡಿಕೆ. ಎರಡು ನಿಮಿಷ ಬೇರೆ ಮಾತಾಡಿ, ನೆನಪಾದಷ್ಟನ್ನು ಬರೆಯಲು ಹೇಳಿ. ಆಮೇಲೆ ‘ನಿದ್ದೆ’ ಎಂದು ಬರೆದವರು ಕೈಯೆತ್ತಿ ಎನ್ನಿ. ಪಟ್ಟಿಯಲ್ಲಿ ಆ ಪದವೇ ಇಲ್ಲ. ಆದರೂ ಕೆಲವರು ಅದನ್ನು ನೋಡಿದೆನೆಂದು ಆಣೆಯಿಟ್ಟು ಹೇಳುತ್ತಾರೆ. ಜೇಮ್ಸ್ ಡೀಸ್ 1959ರಲ್ಲಿ ತೋರಿಸಿ, ಹೆನ್ರಿ ರೋಡಿಗರ್ ಮತ್ತು ಕ್ಯಾಥ್ಲೀನ್ ಮೆಕ್‌ಡರ್ಮಟ್ 1995ರಲ್ಲಿ ಮತ್ತೆ ಬೆಳಕಿಗೆ ತಂದ ಸುಳ್ಳು ನೆನಪಿನ ಪ್ರಯೋಗ ಇದು. ನೆನಪು ಅಂದರೆ ಇದ್ದದ್ದನ್ನು ಇದ್ದ ಹಾಗೆ ತೆಗೆದುಕೊಡುವುದಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುವುದು ಎಂಬ ಮಾತನ್ನು ಆಗ ಹೇಳಿ.

ಇನ್ನೊಂದು ದಿನ ಒಂದಕ್ಕೊಂದು ಸಂಬಂಧವಿಲ್ಲದ 15 ಪದಗಳನ್ನು ತೋರಿಸಿ. ಹಾಜರಿ ಸಂಖ್ಯೆ ಬೆಸ ಇರುವವರು ಕೂಡಲೇ ಬರೆಯಲಿ. ಸಮ ಇರುವವರು ಅರ್ಧ ನಿಮಿಷ ಸಂಖ್ಯೆಗಳನ್ನು ಹಿಂದಿನಿಂದ ಮೂರು ಮೂರು ಕಳೆಯುತ್ತಾ ಎಣಿಸಿ, ಆಮೇಲೆ ಬರೆಯಲಿ. ಮೊದಲ ಗುಂಪು ಪಟ್ಟಿಯ ಆರಂಭದ ಪದಗಳನ್ನೂ ಕೊನೆಯ ಪದಗಳನ್ನೂ ಚೆನ್ನಾಗಿ ನೆನಪಿಟ್ಟಿರುತ್ತದೆ. ಎರಡನೆಯ ಗುಂಪಿನಲ್ಲಿ ಕೊನೆಯ ಪದಗಳ ಮೇಲುಗೈ ಕರಗಿಹೋಗುತ್ತದೆ. ಗ್ಲ್ಯಾಂಜರ್ ಮತ್ತು ಕುನಿಟ್ಜ್ 1966ರಲ್ಲಿ ಕಂಡದ್ದೂ ಇದನ್ನೇ. ಅಲ್ಪಾವಧಿ ನೆನಪು, ದೀರ್ಘಾವಧಿ ನೆನಪು ಎಂದು ಪಠ್ಯ ಏಕೆ ಬೇರ್ಪಡಿಸುತ್ತದೆ ಎಂದು ಕೇಳುವವರಿಗೆ ಉತ್ತರ ಹಲಗೆಯ ಮೇಲಿರುತ್ತದೆ.

ನರಕೋಶ, ಇಲಿ, ಅಂಕಿಅಂಶ

ನರಕೋಶದ ಅಧ್ಯಾಯಕ್ಕೆ ಫೆಟ್ ಒಳ್ಳೆಯದು. ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ 2002ರಲ್ಲಿ ಶುರು ಮಾಡಿದ ಯೋಜನೆ ಇದು. ಅದರಲ್ಲಿ ‘ನ್ಯೂರಾನ್’ ಎಂಬ ಸಿಮ್ಯುಲೇಶನ್ ಇದೆ, ಅಂದರೆ ಪರದೆಯ ಮೇಲೆ ನಡೆಯುವ ಅಣಕು ಪ್ರಯೋಗ. ಪ್ರಚೋದನೆಯ ಗುಂಡಿ ಒತ್ತಿದರೆ ಸೋಡಿಯಂ ಒಳಗೆ ನುಗ್ಗುವುದೂ ಪೊಟ್ಯಾಸಿಯಂ ಹೊರಗೆ ಹೋಗುವುದೂ ಕಾಣುತ್ತದೆ. ನಿಧಾನ ಮಾಡಿ, ನಿಲ್ಲಿಸಿ ತೋರಿಸಬಹುದು. ಉಚಿತವಾಗಿ ಇಳಿಸಿಕೊಂಡು ಇಂಟರ್‌ನೆಟ್ ಇಲ್ಲದೆಯೂ ಬಳಸಬಹುದು. ಒಂದೇ ಕಂಪ್ಯೂಟರ್, ಒಂದು ಪ್ರೊಜೆಕ್ಟರ್ ಇದ್ದರೆ ತರಗತಿಗೆಲ್ಲ ಆಗುತ್ತದೆ.

ಕಲಿಕೆಯ ಅಧ್ಯಾಯದಲ್ಲಿ, ಇಲಿ ಸನ್ನೆಕೋಲು ಒತ್ತಿ ಆಹಾರ ಪಡೆಯಲು ಕಲಿಯುವ ಸ್ಕಿನ್ನರ್ ಪೆಟ್ಟಿಗೆ ಬರುತ್ತದೆ. ನಿಜವಾದ ಇಲಿ ಸಾಕುವುದು ಯಾರಿಗೆ ಸಾಧ್ಯ? ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದ ಮನೋವಿಜ್ಞಾನಿಗಳು ‘ಸ್ನಿಫಿ’ ಎಂಬ ಪರದೆಯ ಇಲಿಯನ್ನು ರೂಪಿಸಿದ್ದಾರೆ. ಅದು ಸನ್ನೆಕೋಲಿನ ಹತ್ತಿರ ಬಂದಾಗಲೆಲ್ಲ ಆಹಾರ ಕೊಡುತ್ತಾ ಹೋದರೆ, ಕ್ರಮೇಣ ಸನ್ನೆ ಒತ್ತಲು ಕಲಿಯುತ್ತದೆ. ಆಹಾರ ನಿಲ್ಲಿಸಿದರೆ ಕಲಿತದ್ದು ಕರಗುತ್ತದೆ. ಇದಕ್ಕೆ ಹಣ ಕೊಡಬೇಕು. ಇಲಿಯ ವರ್ತನೆ ಪ್ರೋಗ್ರಾಮಿಗೆ ತುಂಬಿದ ಸೂತ್ರದಂತೆ ನಡೆಯುವುದರಿಂದ, ಇಲ್ಲಿ ಸಿಕ್ಕಿದ್ದು ಹೊಸ ಪುರಾವೆಯಲ್ಲ, ಗೊತ್ತಿರುವುದರ ಪ್ರದರ್ಶನ ಎಂದು ಮಕ್ಕಳಿಗೆ ಹೇಳಿ.

ಅಂಕಿಅಂಶಕ್ಕೆ ಮೊದಲ ವರ್ಷದಲ್ಲಿ ಸ್ಪ್ರೆಡ್‌ಶೀಟಿನ ಸರಾಸರಿ ಸೂತ್ರ ಸಾಕು. ಮುಂದೆ ಹೋಗುವವರಿಗೆ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಜಾಸ್ಪ್ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ ‘ಪೇರ್ಡ್ ಟಿ–ಟೆಸ್ಟ್’ ಆರಿಸಿದರೆ, ಒಂದೇ ಗುಂಪಿನ ಎರಡು ಸರಾಸರಿಗಳ ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ಪರೀಕ್ಷಿಸಬಹುದು.

ಪಠ್ಯ ಬೇಕಿದ್ದರೆ ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದ ಓಪನ್‌ಸ್ಟ್ಯಾಕ್ಸ್ ಯೋಜನೆ ‘ಸೈಕಾಲಜಿ’ ಪುಸ್ತಕವನ್ನು ಉಚಿತವಾಗಿ ಕೊಡುತ್ತದೆ. ಇಂಗ್ಲಿಷಿನಲ್ಲಿದೆ. ಅದರ ಉದಾಹರಣೆಗಳು ಅಮೆರಿಕದವು, ನಿಮ್ಮೂರಿನವನ್ನು ನೀವೇ ಸೇರಿಸಬೇಕು.

ಪಾಠ ಮರೆಯದಿರಲು

2006ರಲ್ಲಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆಯಿತು. 5 ನಿಮಿಷದ ನಂತರ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಬರೆದವರು ಮುಂದಾದರು. ನಿಮ್ಮ ತರಗತಿಗೆ ಇದರಿಂದ ಸಿಗುವ ಬುದ್ಧಿವಾದ ಸರಳ: ವಾರಕ್ಕೊಂದು ಸಲ ಗೂಗಲ್ ಫಾರ್ಮ್ಸ್‌ನಲ್ಲಿ ಐದಾರು ಪ್ರಶ್ನೆ ಕೊಡಿ, ಅಂಕ ಬೇಡ. ಮನೆಯಲ್ಲಿ ಓದಲು ಆಂಕಿ ಎಂಬ ತಂತ್ರಾಂಶ ಹೇಳಿಕೊಡಿ. ಪ್ರಶ್ನೆಯ ಚೀಟಿಯನ್ನು ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಮುಂದಿಡುವುದು ಇದರ ಕೆಲಸ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್‌ನಲ್ಲೂ ಉಚಿತ, ಐಫೋನಿನಲ್ಲಿ ಹಣ ಕೊಡಬೇಕು. ಕನ್ನಡದಲ್ಲೇ ಚೀಟಿ ಬರೆಯಬಹುದು.

ಖರ್ಚಿನ ಲೆಕ್ಕ

ಸೈಟೂಲ್‌ಕಿಟ್, ಸೈಕೋಪೈ, ಫೆಟ್, ಜಾಸ್ಪ್, ಲಿಬ್ರೆ ಆಫೀಸ್, ಓಪನ್‌ಸ್ಟ್ಯಾಕ್ಸ್ ಇವಕ್ಕೆ ಖರ್ಚಿಲ್ಲ. ಸೈಕೋಪೈಯಲ್ಲಿ ಮಾಡಿದ ಪ್ರಯೋಗವನ್ನು ಜಾಲದ ಮೂಲಕ ಮನೆಮನೆಗೆ ಕಳಿಸಬೇಕೆಂದರೆ ಪಾವ್ಲೋವಿಯಾ ಎಂಬ ತಾಣ ಬೇಕು. ಅದರಲ್ಲಿ ಪರೀಕ್ಷಿಸಿ ನೋಡುವುದು ಉಚಿತ, ದತ್ತಾಂಶ ಸಂಗ್ರಹಿಸಲು ಶುಲ್ಕವಿದೆ. ಪ್ರಯೋಗಾಲಯದಲ್ಲೇ ಮಾಡಿಸಿದರೆ ಅದರ ಅಗತ್ಯವಿಲ್ಲ.

ಕಂಪ್ಯೂಟರೇ ಇಲ್ಲವೇ? 30 ಸೆಂಟಿಮೀಟರಿನ ಅಳತೆಪಟ್ಟಿ ಇದೆಯಲ್ಲ. ಒಬ್ಬರು ಅದನ್ನು ನೇರವಾಗಿ ಹಿಡಿದು ಹೇಳದೆ ಬಿಡಲಿ, ಇನ್ನೊಬ್ಬರು ಬೆರಳಿನಿಂದ ಹಿಡಿಯಲಿ. 20 ಸೆಂಟಿಮೀಟರ್ ಜಾರಿದರೆ ಸುಮಾರು 200 ಮಿಲಿಸೆಕೆಂಡು, 30 ಜಾರಿದರೆ ಸುಮಾರು 250. ಗುರುತ್ವಾಕರ್ಷಣೆಯೇ ಗಡಿಯಾರ.

ಮಾಡಬಾರದ್ದು

ತರಗತಿಯಲ್ಲಿ ಖಿನ್ನತೆ, ಆತಂಕ ಅಳೆಯುವ ಪ್ರಶ್ನಾವಳಿಗಳನ್ನು ಮಕ್ಕಳ ಮೇಲೆ ಪ್ರಯೋಗಿಸಬೇಡಿ. ಬುದ್ಧಿಮತ್ತೆ ಹೇಳುತ್ತೇವೆ ಎನ್ನುವ ಆ್ಯಪ್‌ಗಳೂ ಬೇಡ. ಅವುಗಳ ಅಂಕಿ ಮಗುವಿನ ಮನಸ್ಸಿನಲ್ಲಿ ಉಳಿದುಬಿಡುತ್ತದೆ, ಅದನ್ನು ಬಿಡಿಸುವ ತರಬೇತಿ ನಮಗಿರುವುದಿಲ್ಲ. ಹೆಸರಿನ ಬದಲು ಸಂಖ್ಯೆ ಬಳಸಿ. ಬೇಡವೆಂದವರನ್ನು ಒತ್ತಾಯಿಸದೆ ಲೆಕ್ಕ ಬರೆಯುವ ಕೆಲಸಕ್ಕೆ ಹಾಕಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಆದ್ದರಿಂದ ಹೆಸರು, ಇಮೇಲ್ ಕೇಳುವ ತಾಣಗಳಲ್ಲಿ ಪಿಯು ಮಕ್ಕಳ ಖಾತೆ ತೆರೆಸಬೇಡಿ.

ಪಾಠದ ನಡುವೆ ಯಾರಾದರೂ ತಮ್ಮ ಕಷ್ಟ ಹೇಳಿಕೊಂಡರೆ ಕೇಳಿಸಿಕೊಳ್ಳಿ, ತಂತ್ರಾಂಶ ತೆರೆಯಬೇಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕರೆ ಉಚಿತ.

ಎಲ್ಲಿಂದ ಶುರು?

ಈ ವಾರ ನೀವೊಬ್ಬರೇ ಕೂತು ಸೈಟೂಲ್‌ಕಿಟ್‌ನ ಸ್ಟ್ರೂಪ್ ಮಾಡಿ, ನಿಮ್ಮ ಅಂಕಿ ಬರೆದಿಟ್ಟುಕೊಳ್ಳಿ. ಮುಂದಿನ ವಾರ ನೆನಪಿನ ಸ್ಲೈಡುಗಳನ್ನು ತರಗತಿಯಲ್ಲಿ ತೋರಿಸಿ, ಅದಕ್ಕೆ ಸಿದ್ಧತೆ ಹೆಚ್ಚು ಬೇಡ. ಆಮೇಲೆ ಸೈಕೋಪೈಯಲ್ಲಿ ಕನ್ನಡ ಸ್ಟ್ರೂಪ್ ಕಟ್ಟಿ. ಚಿತ್ರ ಮಾಡುವುದನ್ನೂ ಪಟ್ಟಿ ತುಂಬುವುದನ್ನೂ ವಿದ್ಯಾರ್ಥಿಗಳಿಗೇ ವಹಿಸಿ. ಪ್ರಯೋಗ ಮಾಡಿಸಿಕೊಂಡವರಿಗಿಂತ ಪ್ರಯೋಗ ಕಟ್ಟಿದವರು ಹೆಚ್ಚು ಕಲಿಯುತ್ತಾರೆ. ಎಲ್ಲಿ ಅಳತೆ ತಪ್ಪಬಹುದು, ಯಾವ ಪದ ಉದ್ದವಾಯಿತು, ಯಾವ ಕೀಲಿ ದೂರವಾಯಿತು ಎಂದು ಅವರೇ ಯೋಚಿಸಬೇಕಾಗುತ್ತದೆ. ಕಟ್ಟಿದ ಕಡತವನ್ನು ಪೆನ್‌ಡ್ರೈವಿಗೆ ಹಾಕಿ ಪಕ್ಕದ ಕಾಲೇಜಿನ ಮನೋವಿಜ್ಞಾನದ ಮೇಷ್ಟ್ರಿಗೂ ಕೊಡಿ. ಅವರು ಅದೇ ಶ್ರಮ ಮತ್ತೆ ಪಡಬೇಕಾಗಿಲ್ಲ.